ಟೇಲ್‌ವೀಲ್ ವಿಮಾನ: ಪಲ್ಟಿಗೋ, ಕಾಡಿನ ಏರ್‌ಸ್ಟ್ರಿಪ್‌ಗೋ

ಹಗುರ ವಿಮಾನದ ಮೂರನೆಯ ಚಕ್ರ ಮೂಗಿನಡಿ ಇರಬೇಕೋ ಬಾಲದಡಿ ಇರಬೇಕೋ ಎಂಬ ತಕರಾರು ಹೆಚ್ಚಿನ ಮಾಲೀಕರ ಮಟ್ಟಿಗೆ ಮುಗಿದು ಅರ್ಧ ಶತಮಾನದ ಮೇಲಾಯಿತು. ಗೆದ್ದದ್ದು ಮೂಗಿನ ಚಕ್ರ. ಸೋಲೊಪ್ಪದೆ ಉಳಿದವರು ಮುಖ್ಯವಾಗಿ ಎರಡು ಗುಂಪಿನವರು: ಆಕಾಶದಲ್ಲಿ ಲೂಪ್, ರೋಲ್, ಸ್ಪಿನ್ ಮಾಡುವ ಏರೋಬ್ಯಾಟಿಕ್ಸ್ ಪೈಲಟ್‌ಗಳು, ಮತ್ತು ಹೊಳೆಯ ದಂಡೆ, ಹುಲ್ಲುಗಾವಲು, ಬೆಟ್ಟದ ಇಳಿಜಾರಿನಂಥ ಕಚ್ಚಾ ಜಾಗಗಳಲ್ಲಿ ಇಳಿಯುವ ಬ್ಯಾಕ್‌ಕಂಟ್ರಿ ಪೈಲಟ್‌ಗಳು. ಮೊದಲಿನವರಿಗೆ ಮೂಗಿನ ಚಕ್ರದ ಭಾರವೂ ಅದು ಗಾಳಿಗೆ ಒಡ್ಡುವ ತಡೆಯೂ ಬೇಡ. ಎರಡನೆಯವರಿಗೆ ಅದರ ಸೂಕ್ಷ್ಮ ಕಾಲೇ ಬೇಡ: ಕಲ್ಲಿಗೋ ಗುಂಡಿಗೋ ಬಡಿದರೆ ಮೊದಲು ಮುರಿಯುವುದು ಅದು, ಅದರ ಹಿಂದೆಯೇ ಪ್ರೊಪೆಲರ್. ಚಕ್ರದ ವಿಷಯದಲ್ಲಿ ಇಬ್ಬರೂ ಒಂದಾದರೂ ಅವರಿಗೆ ಬೇಕಾದ ರೆಕ್ಕೆಗಳು ಒಂದಕ್ಕೊಂದು ವಿರುದ್ಧ. ಕೊಳ್ಳುವವರು ಎಡವುವುದು ಇಲ್ಲೇ.

ಇಬ್ಬರಿಗೂ ಸಮಾನವಾದ ತಾಪತ್ರಯ ಒಂದಿದೆ. ಟೇಲ್‌ವೀಲ್ ವಿಮಾನದ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ಮೂಗು ಸ್ವಲ್ಪ ಪಕ್ಕಕ್ಕೆ ಹೊರಳಿದರೂ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಆ ಹೊರಳುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ತೆಗೆದವರಿಗೆ ಈ ಸ್ವಭಾವ ಗೊತ್ತು. ರಡ್ಡರ್ ಪೆಡಲಿನ ಮೇಲಿನ ಕಾಲು ತಡಮಾಡಿದರೆ ವಿಮಾನ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಇದೇ ಗ್ರೌಂಡ್ ಲೂಪ್. ಅಮೆರಿಕದಲ್ಲಿ 1991ರಿಂದ ಇಂಥ ವಿಮಾನ ಹಾರಿಸಲು ತರಬೇತುದಾರರ ಪ್ರತ್ಯೇಕ ಅನುಮೋದನೆ ಬೇಕು.

ಬ್ಯಾಕ್‌ಕಂಟ್ರಿ ಹಾರಾಟದಲ್ಲಿ ಎಲ್ಲವೂ ನಿಧಾನದ ಮೇಲೆ ನಿಂತಿದೆ. ಇಳಿಯುವ ವೇಗ ಕಾಲು ಭಾಗ ತಗ್ಗಿದರೆ ನಿಲ್ಲಿಸಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ ಅಲ್ಲಿನ ರೆಕ್ಕೆ ಉದ್ದ, ದಪ್ಪ, ಕೆಳಮೈ ಬಹುಪಾಲು ಚಪ್ಪಟೆ. 1949ರಲ್ಲಿ ಬಂದ ಪೈಪರ್ ಸೂಪರ್ ಕಬ್ ಇದರ ಮಾದರಿ. ಸುಮಾರು 10.7 ಮೀಟರ್ ರೆಕ್ಕೆ, ಉದ್ದನೆಯ ಫ್ಲಾಪ್, ನಂತರದ ಮಾದರಿಗಳಲ್ಲಿ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಒಟ್ಟು ಭಾರದ ಮಿತಿ 794 ಕಿಲೋ. ಅಲಾಸ್ಕದಲ್ಲಿ ಬೇಟೆಯ ಮಾಂಸವನ್ನೂ ಮೀನುಗಾರರನ್ನೂ ಹೊತ್ತು ಈ ವಿಮಾನ ಮಾಡಿದಷ್ಟು ಕೆಲಸವನ್ನು ಅದರ ಗಾತ್ರದ ಬೇರೆ ಯಾವುದೂ ಮಾಡಿರಲಾರದು. ಅದಕ್ಕೆ ಹಾಕುವ 31 ಇಂಚಿನ, ಗಾಳಿ ಕಡಿಮೆ ತುಂಬಿದ ಬಲೂನಿನಂಥ ಟೈರುಗಳು ಬರೀ ಕಲ್ಲು ದಾಟಲು ಅಲ್ಲ. ಅವು ಮೂಗನ್ನು ಮೇಲೆತ್ತಿ ನಿಲ್ಲಿಸುವುದರಿಂದ ಮೂರೂ ಚಕ್ರ ಒಟ್ಟಿಗೆ ನೆಲಮುಟ್ಟುವ ಭಂಗಿಯಲ್ಲಿ ರೆಕ್ಕೆಯ ಕೋನ ಸ್ಟಾಲ್‌ಗೆ, ಅಂದರೆ ಎತ್ತುವ ಬಲ ಕುಸಿಯುವ ಹಂತಕ್ಕೆ, ಇನ್ನಷ್ಟು ಹತ್ತಿರವಾಗುತ್ತದೆ, ವೇಗ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಪೇಟೆಯ ಡಾಂಬರು ರನ್‌ವೇಯಲ್ಲೇ ಬದುಕು ಕಳೆಯುವ ವಿಮಾನಗಳಿಗೂ ಈಗ ಈ ಟೈರು ಹಾಕುವ ಶೋಕಿ ಹಬ್ಬಿದೆ. ಅಲ್ಲಿ ಅದರಿಂದ ಸಿಗುವುದು ರಬ್ಬರ್ ಸವೆತ ಮಾತ್ರ.

ನಿಜವಾದ ಪರೀಕ್ಷೆ ಇಳಿಯುವುದಲ್ಲ, ಮತ್ತೆ ಏರುವುದು. ಐಡಹೊ ರಾಜ್ಯದ ಜಾನ್ಸನ್ ಕ್ರೀಕ್‌ನ ಹುಲ್ಲಿನ ಏರ್‌ಸ್ಟ್ರಿಪ್ ಸಮುದ್ರಮಟ್ಟದಿಂದ ಹತ್ತಿರಹತ್ತಿರ 5,000 ಅಡಿ ಎತ್ತರದಲ್ಲಿ ಕಣಿವೆಯೊಳಗಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ 8,000 ಅಡಿ ಎತ್ತರದಲ್ಲಿ ಇರುವಷ್ಟು ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್‌ನ ಬಲದಲ್ಲಿ ಸುಮಾರು ಕಾಲು ಭಾಗ ಕಳೆದುಹೋಗುತ್ತದೆ. 150ರ ಎಂಜಿನ್ ಆಗ ನೂರಹದಿನೈದರ ಆಸುಪಾಸಿನದು. ಬೆಟ್ಟದವರು ಬೆಳಗ್ಗೆ ಬೇಗ ಹೊರಡುವುದಕ್ಕೂ 180 ಅಶ್ವಶಕ್ತಿಯ ವಿಮಾನಗಳನ್ನು ಕೇಳುವುದಕ್ಕೂ ಕಾರಣ ಇದೇ. 1987ರಲ್ಲಿ ಪ್ರಮಾಣಪತ್ರ ಪಡೆದ ಏವಿಯಟ್ ಹಸ್ಕಿಗೆ ಅಷ್ಟು ಶಕ್ತಿಯ ಜೊತೆ ಅಲಗುಗಳ ಕೋನ ತಾನೇ ಹೊಂದಿಕೊಳ್ಳುವ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರೂ ಇದೆ; ದೂರ ಹೋಗಿ ಇಳಿಯಬೇಕಾದವರಿಗೆ ಸೂಪರ್ ಕಬ್‌ಗಿಂತ ಅದೇ ವಾಸಿ. ಅತ್ಯಂತ ನಿಧಾನದಲ್ಲಿ ಮಾತ್ರ ಕಬ್‌ನ ಹದ ಅದಕ್ಕಿಲ್ಲ. ನಾಲ್ಕು ಜನ ಹೋಗಬೇಕೆಂದರೆ ಮಾತು ಬೇರೆ. ಅದು ಸೆಸ್ನಾ 180, 185 ಮತ್ತು ಮೌಲ್ ವಿಮಾನಗಳ ಲೋಕ.

ಏರೋಬ್ಯಾಟಿಕ್ಸ್‌ಗೆ ಇವು ಯಾವುವೂ ಆಗುವುದಿಲ್ಲ. ಸಾಮಾನ್ಯ ವರ್ಗದ ವಿಮಾನದ ರಚನೆ ತಡೆಯಬೇಕಾದದ್ದು 3.8 ಜಿ, ಅಂದರೆ ತೂಕದ 3.8 ಪಟ್ಟು ಹೊರೆ. ಏರೋಬ್ಯಾಟಿಕ್ ವರ್ಗದ ಕನಿಷ್ಠ ಮಿತಿ 6 ಜಿ, ತಲೆಕೆಳಗಾದಾಗ 3. ಕಲಿಯುವವರ ಒಂದು ಲೂಪೇ ಮೂರೂವರೆ, ನಾಲ್ಕು ಜಿ ತಲುಪುತ್ತದೆ. ಬಲವೊಂದೇ ಸಾಲದು, ರೆಕ್ಕೆಯ ಆಕಾರವೂ ಬದಲಾಗಬೇಕು. ಚಪ್ಪಟೆ ಕೆಳಮೈಯ ರೆಕ್ಕೆ ತಲೆಕೆಳಗಾದರೆ ಎತ್ತುವ ಬಲ ಕೊಡಲು ತಿಣುಕುತ್ತದೆ, ಮೂಗನ್ನು ಅತಿಯಾಗಿ ಮೇಲಕ್ಕೆ ತಳ್ಳಿಹಿಡಿಯಬೇಕಾಗುತ್ತದೆ. ಮೇಲುಕೆಳಗು ಬಹುತೇಕ ಒಂದೇ ಆಗಿರುವ ಸಮಮಿತ ರೆಕ್ಕೆಗೆ ಆ ಭೇದ ಇಲ್ಲ. ಎಂಜಿನ್ನಿನ ಇಂಧನ, ಆಯಿಲ್ ಎರಡೂ ತಲೆಕೆಳಗಾದಾಗ ಹರಿಯುವ ವ್ಯವಸ್ಥೆಯೂ ಬೇಕು, ಇಲ್ಲವಾದರೆ ಕ್ಷಣಗಳಲ್ಲೇ ಎಂಜಿನ್ ಬಾಯಾರುತ್ತದೆ.

ಈ ಎಲ್ಲವನ್ನೂ ಹದವಾಗಿ ಕೊಡುವ ವಿಮಾನ ಸೂಪರ್ ಡೆಕಾಥ್ಲಾನ್: 180 ಅಶ್ವಶಕ್ತಿ, ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್, ಮೇಲಕ್ಕೆ 6 ಜಿ, ಕೆಳಕ್ಕೆ 5 ಜಿ ಮಿತಿ. ಅದರ ಐಲರಾನ್ ಭಾರ, ರೋಲ್ ನಿಧಾನ. ಕಲಿಯುವವರಿಗೆ ಅದು ಒಳ್ಳೆಯದೇ, ಕೈಕಾಲಿನ ತಪ್ಪು ಕಣ್ಣಿಗೆ ಕಾಣುವಷ್ಟು ಸಮಯ ಸಿಗುತ್ತದೆ. 1940ರ ದಶಕದಲ್ಲಿ ಕರ್ಟಿಸ್ ಪಿಟ್ಸ್ ರೂಪಿಸಿದ ಪಿಟ್ಸ್ ಸ್ಪೆಷಲ್ ಇದರ ಇನ್ನೊಂದು ತುದಿ. ಎರಡು ಆಸನದ ಎಸ್-2 ಮಾದರಿಯ ರೆಕ್ಕೆ ಸುಮಾರು 6 ಮೀಟರ್ ಮಾತ್ರ, ಎರಡು ಅಂತಸ್ತಿನದು. ಸ್ಟಿಕ್ ಮುಟ್ಟುವಷ್ಟರಲ್ಲಿ ಉರುಳುತ್ತದೆ. ಇಳಿಯುವಾಗ ಮುಂದಿನ ರನ್‌ವೇ ಪೈಲಟ್‌ಗೆ ಕಾಣುವುದಿಲ್ಲ, ಆದ್ದರಿಂದ ಓರೆಯಾಗಿ ತಿರುಗುತ್ತಲೇ ಬಂದು ಕೊನೆ ಗಳಿಗೆಯಲ್ಲಿ ನೇರ ಮಾಡಿಕೊಳ್ಳುವುದು ರೂಢಿ. ಮೊದಲ ಟೇಲ್‌ವೀಲ್ ಆಗಿ ಇದನ್ನು ಕೊಳ್ಳುವುದು ಹಣಕ್ಕೂ ಲೋಹಕ್ಕೂ ಅಪಾಯ. 300 ಅಶ್ವಶಕ್ತಿಯ ಜರ್ಮನ್ ಎಕ್ಸ್‌ಟ್ರಾ 300, ±10 ಜಿ ಮಿತಿಯದು, ಸ್ಪರ್ಧೆಗಿಳಿದವರ ವಿಮಾನ. ಅದಕ್ಕೂ ಹವ್ಯಾಸಕ್ಕೂ ನಡುವೆ ಬೆಲೆಯ ದೊಡ್ಡ ಗೋಡೆಯಿದೆ.

ಪಲ್ಟಿ, ಕಚ್ಚಾ ಏರ್‌ಸ್ಟ್ರಿಪ್ ಎರಡೂ ಬೇಕೆನ್ನುವವರಿಗೆ ಸಿಟಾಬ್ರಿಯ ಎಂಬ ಉತ್ತರವಿದೆ. 1945ರ ಏರೋಂಕಾ ಚಾಂಪಿಯನ್‌ನಿಂದ ಬೆಳೆದು 1964ರಲ್ಲಿ ಬಂದ ಈ ವಿಮಾನ 5 ಜಿವರೆಗೆ ಪಲ್ಟಿ ಹೊಡೆಯಬಲ್ಲದು. ಫ್ಲಾಪ್ ಇರುವ ಮಾದರಿ ಸಾಧಾರಣ ಹುಲ್ಲಿನ ಏರ್‌ಸ್ಟ್ರಿಪ್‌ಗಳಿಗೂ ಸಾಕು. ಆದರೆ ತಲೆಕೆಳಗಿನ ಮಿತಿ 2 ಜಿ ಮಾತ್ರ, ಕಬ್‌ನ ನಿಧಾನವೂ ಇಲ್ಲ. ವಾರಕ್ಕೊಂದು ಲೂಪ್, ತಿಂಗಳಿಗೊಂದು ಹುಲ್ಲಿನ ಮೈದಾನ ಸಾಕೆನ್ನುವವರಿಗೆ ಇದಕ್ಕಿಂತ ಮಿತವ್ಯಯದ ದಾರಿಯಿಲ್ಲ. ಮಿಕ್ಕವರು ತಾವು ನಿಜಕ್ಕೂ ಮಾಡುವ ಅತಿ ಕಷ್ಟದ ಹಾರಾಟ ಯಾವುದೆಂದು ನೋಡಿ ಅದಕ್ಕೆ ತಕ್ಕ ವಿಮಾನ ಕೊಂಡು, ಇನ್ನೊಂದು ಆಸೆಗೆ ಬೇರೆಯವರ ವಿಮಾನ ಬಾಡಿಗೆಗೆ ಹಿಡಿಯುವುದು ಮೇಲು.

ಇದೇ ಏರೋಂಕಾ ವಂಶದ ಒಂದು ಕವಲು ಬೆಂಗಳೂರಿಗೂ ಬಂದಿತ್ತು. ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್, ಚಾಂಪಿಯನ್‌ನ ಸೋದರ ಮಾದರಿಯಾದ ಚೀಫ್‌ನ ವಿನ್ಯಾಸದಿಂದ ಹುಟ್ಟಿದ್ದು; ಪಕ್ಕಪಕ್ಕ ಕೂರುವ ಎರಡು ಆಸನ, 90 ಅಶ್ವಶಕ್ತಿ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದರಲ್ಲೇ ಎಷ್ಟೋ ಜನ ಪೈಲಟ್‌ಗಳಾದರು. ಅದಕ್ಕೆ ಏಳು ವರ್ಷ ಮೊದಲು ಅದೇ ಸಂಸ್ಥೆ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತಗ್ಗು ರೆಕ್ಕೆಯ ಏರೋಬ್ಯಾಟಿಕ್ ತರಬೇತಿ ವಿಮಾನ ರೂಪಿಸಿತ್ತು. ಎರಡಕ್ಕೂ ಬಾಲಚಕ್ರವೇ. ಪಲ್ಟಿಗೊಂದು, ಸಾವಧಾನಕ್ಕೊಂದು ಎಂದು ಬೇರೆಬೇರೆ ಮಾಡಿದ್ದರಲ್ಲಿ ಜಾಣತನವಿತ್ತು.

ಹಳೆಯದನ್ನು ಕೊಳ್ಳುವಾಗ ನೋಡಬೇಕಾದದ್ದು ಬಣ್ಣವಲ್ಲ, ಬಟ್ಟೆಯ ಒಳಗಿನದು. ಹಳೆಯ ಸಿಟಾಬ್ರಿಯ, ಡೆಕಾಥ್ಲಾನ್‌ಗಳ ರೆಕ್ಕೆಯ ಸ್ಪಾರ್, ಅಂದರೆ ಉದ್ದಕ್ಕೂ ಸಾಗುವ ಮುಖ್ಯ ತೊಲೆ, ಮರದ್ದು. ರೆಕ್ಕೆಯ ತುದಿ ಒಮ್ಮೆ ನೆಲಕ್ಕೆ ತಾಗಿದ್ದರೂ ಮರದ ನಾರಿಗೆ ಅಡ್ಡಲಾಗಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅಮೆರಿಕದ ವಿಮಾನಯಾನ ಆಡಳಿತ ಇವುಗಳ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. 1990ರ ನಂತರ ಅಮೆರಿಕನ್ ಚಾಂಪಿಯನ್ ಕಂಪನಿ ತಯಾರಿಸಿದವುಗಳಲ್ಲಿ ಸ್ಪಾರ್ ಲೋಹದ್ದು. ಪೈಪರ್ ವಿಮಾನಗಳಲ್ಲಿ ರೆಕ್ಕೆಗೆ ಆನಿಕೊಟ್ಟ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಬಣ್ಣ ಮಿಂಚುತ್ತಲೇ ಇರುತ್ತದೆ. ಏರೋಬ್ಯಾಟಿಕ್ ವಿಮಾನವಾದರೆ ಪ್ಯಾರಾಚೂಟ್ ಕಟ್ಟಿಕೊಂಡೇ ಆಸನದಲ್ಲಿ ಕೂತು ನೋಡಬೇಕು, ಎತ್ತರದವರ ತಲೆ ಕ್ಯಾನೊಪಿಗೆ ತಾಗುವುದು ಆಗಲೇ ಗೊತ್ತಾಗುವುದು. ಕಾಡಿನಲ್ಲಿ ದುಡಿದ ವಿಮಾನದ ಲಾಗ್‌ಬುಕ್‌ನಲ್ಲಿ ಪ್ರೊಪೆಲರ್ ಬದಲಿಸಿದ ದಾಖಲೆ ಇದ್ದು, ಅದೇ ಹೊತ್ತಿಗೆ ಎಂಜಿನ್ ಬಿಚ್ಚಿ ಪರೀಕ್ಷಿಸಿದ ದಾಖಲೆ ಇಲ್ಲದಿದ್ದರೆ, ಬೆಲೆಯ ಮಾತು ಎತ್ತುವ ಮೊದಲು ಅದರ ಕಾರಣ ಕೇಳಬೇಕು.