ಎಷ್ಟು ಕೊಡುತ್ತೆ?

ಎಮ್ಮೆ ಕಟ್ಟಿದವನಿಗೂ ಕಾರು ಕೊಂಡವನಿಗೂ ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಕೊಡುತ್ತೆ?’ ಎಮ್ಮೆಯಾದರೆ ಕೇಳುವವನು ಅಷ್ಟಕ್ಕೇ ಬಿಡುವುದಿಲ್ಲ. ಕರು ಹಾಕಿ ಎಷ್ಟು ತಿಂಗಳಾಯಿತು, ಹಿಂಡಿ ಎಷ್ಟು ಇಡ್ತೀರಿ, ಹಸಿರು ಮೇವು ಇದೆಯೋ ಎಂದು ಜಾಲಾಡುತ್ತಾನೆ. ಕಾರಾದರೆ ‘ಇಪ್ಪತ್ತು’ ಎಂದರೆ ಇಪ್ಪತ್ತು, ಮಾತು ಮುಗಿಯಿತು. ಹೋದ ತಿಂಗಳು ನನ್ನ ಭಾವಮೈದ ಫೋನ್ ಮಾಡಿ ‘ಹೈವೇಲಿ ಇಪ್ಪತ್ನಾಲ್ಕು ಬಂತು ಭಾವ’ ಎಂದು ಬೀಗಿದ. ಎಲ್ಲಿಂದ ಎಲ್ಲಿಗೆ ಎಂದೆ. ಬೆಂಗಳೂರಿಂದ ಮಂಗಳೂರಿಗೆ. ಬರುವಾಗ? ‘ಬರುವಾಗ ನೋಡ್ಲಿಲ್ಲ.’

ಬರುವಾಗಲೇ ನೋಡಬೇಕಿತ್ತು. ಬೆಂಗಳೂರು ಇರುವುದು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಸಕಲೇಶಪುರದವರೆಗೆ ಆ ಎತ್ತರ ಹೆಚ್ಚುಕಮ್ಮಿ ಹಾಗೇ ಇದ್ದು, ಶಿರಾಡಿ ಘಾಟಿಯಲ್ಲಿ ಒಮ್ಮೆಗೇ ಕರಗುತ್ತದೆ. ಜನ, ಸಾಮಾನು ಸೇರಿ ಒಂದು ಟನ್ನಿಗಿಂತ ತುಸು ಹೆಚ್ಚು ತೂಗುವ ಸಣ್ಣ ಕಾರನ್ನು ಕಡಲ ತೀರದಿಂದ ಅಷ್ಟು ಮೇಲಕ್ಕೆತ್ತಲು, ಎಂಜಿನ್ನು ಪೋಲು ಮಾಡುವ ಶಾಖವನ್ನೂ ಸೇರಿಸಿದರೆ, ನನ್ನ ಲೆಕ್ಕಕ್ಕೆ ಒಂದೂಕಾಲು ಲೀಟರಿನಷ್ಟು ಪೆಟ್ರೋಲ್ ಬೇಕು. ಹೋಗುವಾಗ ಘಾಟಿ ಇವನ ಕಡೆಗಿತ್ತು. ಹೊಗಳಿಕೆ ಮಾತ್ರ ಕಾರಿಗೆ ಸಂದಿತು.

ನನ್ನ ಗ್ಲೋವ್ ಬಾಕ್ಸಿನಲ್ಲಿ ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುವಂಥ ಉದ್ದನೆಯ ಪುಸ್ತಕವೊಂದಿದೆ. ಆರು ವರ್ಷದಿಂದ ಪ್ರತಿ ಲೀಟರಿನ ಲೆಕ್ಕವೂ ಅದರಲ್ಲಿದೆ. ಮನೆಯಲ್ಲಿ ಅದಕ್ಕೆ ‘ಜಾತಕ’ ಎಂದು ಹೆಸರು. ಡ್ಯಾಶ್‌ಬೋರ್ಡಿನ ಮೇಲೆ ಮಿನುಗುವ ಸರಾಸರಿಯನ್ನು ನಾನು ನಂಬುವುದಿಲ್ಲ. ನನ್ನ ಕಾರಿನದು ಸದಾ ಒಂದು, ಒಂದೂವರೆ ಕಿಲೋಮೀಟರು ಹೆಚ್ಚೇ ಹೇಳುತ್ತದೆ. ನನ್ನದು ಹಳೇ ಫುಲ್ ಟ್ಯಾಂಕ್ ಪದ್ಧತಿ. ಹೊರಡುವಾಗ ತುಂಬಿಸು, ತಲುಪಿ ಮತ್ತೆ ತುಂಬಿಸು, ಓಡಿದ ದೂರವನ್ನು ಎರಡನೇ ಬಿಲ್ಲಿನ ಲೀಟರಿನಿಂದ ಭಾಗಿಸು. ಇದರಲ್ಲಿರುವ ಒಂದೇ ಅಪಾಯ ಬಂಕಿನ ಹುಡುಗನ ಒಳ್ಳೆಯತನ. ನಳಿಕೆ ಟಕ್ ಎಂದು ತಾನಾಗಿ ನಿಂತ ಮೇಲೂ ಅವನ ಬೆರಳು ಬಿಡುವುದಿಲ್ಲ. ‘ರೌಂಡ್ ಫಿಗರ್ ಮಾಡ್ಲಾ ಸಾರ್?’ 1,864 ರೂಪಾಯಿ ಅವನ ಕಣ್ಣಿಗೆ ಒಗ್ಗುವುದಿಲ್ಲ, 1,900 ಆಗಲೇಬೇಕು. ಆ 36 ರೂಪಾಯಿಯ ಪೆಟ್ರೋಲ್ ಕತ್ತಿನವರೆಗೆ ಏರಿ ಕುಳಿತು ನನ್ನ ಲೆಕ್ಕ ಕೆಡಿಸುತ್ತದೆ. ‘ಕಟ್ ಆದಲ್ಲಿಗೇ ಬಿಡಪ್ಪಾ’ ಎಂದರೆ ಜುಗ್ಗನನ್ನು ನೋಡುವಂತೆ ನೋಡುತ್ತಾನೆ.

ಪುಸ್ತಕದಲ್ಲಿ ಹೆಚ್ಚು ಪುಟ ತಿಂದಿರುವುದು ಬೆಂಗಳೂರು–ಹುಬ್ಬಳ್ಳಿ ರಸ್ತೆ. ಹೆದ್ದಾರಿ 48, ನಮ್ಮ ವಯಸ್ಸಿನವರಿಗೆ ಇನ್ನೂ ಎನ್‌ಎಚ್ ಫೋರ್. ಸುಮಾರು 410 ಕಿಲೋಮೀಟರು. ತುಮಕೂರು ದಾಟಿ, ಶಿರಾ ಹಿಂದೆ ಬಿಟ್ಟು, ಹಿರಿಯೂರಿನ ಬಯಲಿಗೆ ಬರುವಷ್ಟರಲ್ಲಿ ಕಾರು ಒಂದು ಲಯಕ್ಕೆ ಬಿದ್ದಿರುತ್ತದೆ. ಕೊನೆಯಲ್ಲಿ ಹುಬ್ಬಳ್ಳಿ ಬೆಂಗಳೂರಿಗಿಂತ ಇನ್ನೂರೈವತ್ತು ಮೀಟರಿನಷ್ಟು ತಗ್ಗಿನಲ್ಲಿದೆ. ಅಂದಮೇಲೆ ಹೋಗುವಾಗ ಹೆಚ್ಚು, ಬರುವಾಗ ಕಡಿಮೆ ಬರಬೇಕು. ಡಿಸೆಂಬರಿನ ಪುಟಗಳಲ್ಲಿ ಹಾಗೇ ಇದೆ. ಜುಲೈ ಪುಟ ತೆಗೆದರೆ ತಿರುವುಮುರುವು: ಹೋಗುವಾಗ 17.1, ಬರುವಾಗ 20.3. ಅದೇ ಕಾರು, ಅದೇ ನಾಲ್ಕು ಜನ, ಎರಡೂ ದಿನ ಸ್ಪೀಡೋಮೀಟರ್ ಮುಳ್ಳು ತೊಂಬತ್ತರ ಆಸುಪಾಸಿನಲ್ಲೇ. ಮೊದಲ ವರ್ಷ ಏರ್ ಫಿಲ್ಟರ್ ಮೇಲೆ ಅನುಮಾನಪಟ್ಟು ಬದಲಾಯಿಸಿದೆ. ಎರಡನೇ ವರ್ಷವೂ ಹಾಗೇ ಆದಾಗ ಬಂಕನ್ನು ಬೈದೆ. ಮೂರನೇ ವರ್ಷ ಚಿತ್ರದುರ್ಗದ ಹತ್ತಿರ ಟೀಗೆಂದು ನಿಲ್ಲಿಸಿ ಬಾಗಿಲು ತೆಗೆದರೆ, ಅದು ಕೈಯಿಂದ ಕಿತ್ತುಕೊಂಡು ಹೋಗುವಂತೆ ತೆರೆದುಕೊಂಡಿತು. ಪೇಪರ್ ಕಪ್ಪು ಬಾನೆಟ್ಟಿನ ಮೇಲೆ ನಿಲ್ಲಲಿಲ್ಲ. ತಲೆ ಎತ್ತಿದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು. ಅಷ್ಟು ಖರ್ಚು ಮಾಡಿ ಅವನ್ನು ಅಲ್ಲೇ ಏಕೆ ನೆಟ್ಟರು ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಮುಂಗಾರಿನ ಗಾಳಿ ಪಡುವಣದ ಕಡೆಯಿಂದ ಬರುವುದು. ಹುಬ್ಬಳ್ಳಿಗೆ ಹೊರಟವನಿಗೆ ಅದು ಎದುರಿಗೂ ಓರೆಗೂ ಬಡಿಯುತ್ತದೆ. ಕಾರಿನ ಮೈಗೆ ತಿಳಿಯುವುದು ಮೀಟರಿನ ವೇಗವಲ್ಲ, ಗಾಳಿಯ ವೇಗ. ತೊಂಬತ್ತರಲ್ಲಿ ಹೋಗುವಾಗ ಎದುರಿನಿಂದ ಇಪ್ಪತ್ತರ ಗಾಳಿ ಬಂದರೆ ಕಾರು 110ರ ಗಾಳಿಯನ್ನು ಸೀಳಬೇಕು. ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದರೆ ಬರೀ 70ರದು. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ, ಗಾಳಿಯಿಲ್ಲದ ದಿನ ಇರುವ ತಡೆ ಹೋಗುವಾಗ ಒಂದೂವರೆ ಪಾಲಾಗುತ್ತದೆ, ಬರುವಾಗ ಮುಕ್ಕಾಲಿಗಿಂತಲೂ ಕಡಿಮೆಯಾಗುತ್ತದೆ. ಇನ್ನೂರೈವತ್ತು ಮೀಟರಿನ ಏರು ಕೇಳುವುದು ಅರ್ಧ ಲೀಟರಿಗೂ ಕಡಿಮೆ. ಗಾಳಿ ಅದನ್ನು ನುಂಗಿ ನೀರು ಕುಡಿಯಿತು. ಪಾಪ, ಆ ಏರ್ ಫಿಲ್ಟರ್ ಚೆನ್ನಾಗಿಯೇ ಇತ್ತು.

ಈ ವರ್ಗದ ಲೆಕ್ಕ ಕಾರಿನ ವೇಗಕ್ಕೂ ಸಲ್ಲುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ಮೀಟರಿನಲ್ಲಿ ಕಾಲು ಭಾಗ ಹೆಚ್ಚು, ಗಾಳಿಯ ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು. 120ಕ್ಕೆ ಎರಡೂಕಾಲು ಪಟ್ಟು. ನನ್ನ ಪುಸ್ತಕದಲ್ಲಿ ಎಂಬತ್ತಕ್ಕೆ 22ರ ಸುತ್ತ, ನೂರಕ್ಕೆ ಹದಿನೇಳೂವರೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಐದು ಲೀಟರಿನಷ್ಟು ಅಂತರ, ಲೀಟರಿಗೆ ನೂರು ದಾಟಿರುವ ಕಾಲದಲ್ಲಿ ಐನೂರು ರೂಪಾಯಿ. ಅದಕ್ಕೆ ಸಿಗುವುದು ಕಾಗದದ ಮೇಲೆ ಒಂದು ಗಂಟೆ. ಲಾರಿ, ಟೋಲು, ಬಲಪಂಕ್ತಿಯಲ್ಲಿ ಅಲ್ಲಾಡದೆ ಹೋಗುವ ಟ್ಯಾಂಕರು ಎಲ್ಲ ಕಳೆದು ನಲವತ್ತು ನಿಮಿಷ. ಉಳಿಸಿದ ಆ ನಲವತ್ತು ನಿಮಿಷವನ್ನು ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತ ಕಳೆದವನು ನಾನೇ.

ಇನ್ನೊಂದು ಹಳೆಯ ಚಟ ಘಾಟಿಯಲ್ಲಿ ನ್ಯೂಟ್ರಲ್ ಮಾಡುವುದು. ಕಾರ್ಬ್ಯುರೇಟರ್ ಕಾಲದ ಡ್ರೈವರುಗಳು ಕಲಿಸಿದ್ದು. ಆಗ ಅದರಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತೋ ಏನೋ. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರು ಹಾಕಿದ್ದಂತೆಯೇ ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಂತುಹೋಗುತ್ತದೆ. ಇಳಿಜಾರೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ನು ತನ್ನಷ್ಟಕ್ಕೆ ಉರಿಯಲು ಪೆಟ್ರೋಲ್ ಕುಡಿಯತೊಡಗುತ್ತದೆ. ಇತ್ತ ಭಾರವೆಲ್ಲ ಬ್ರೇಕಿನ ಮೇಲೆ. ಶಿರಾಡಿಯ ತಿರುವಿನಲ್ಲಿ ಮುಂದಿನ ಕಾರಿನಿಂದ ಸುಟ್ಟ ವಾಸನೆ ಬಂತೆಂದರೆ ಒಳಗೊಬ್ಬ ಮಿತವ್ಯಯಿ ಕೂತಿದ್ದಾನೆಂದೇ ನನಗೆ ಅನುಮಾನ.

ಕಂಪನಿ ಪುಸ್ತಿಕೆಯ ಅಂಕಿಯನ್ನು ಹಿಡಿದುಕೊಂಡು ಜಗಳಕ್ಕೆ ನಿಲ್ಲುವವರಿದ್ದಾರೆ. ಆ ಅಂಕಿ ಸುಳ್ಳಲ್ಲ, ಅದು ರಸ್ತೆಯದಲ್ಲ ಅಷ್ಟೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಪ್ರಯೋಗಾಲಯದಲ್ಲಿ ಓಡಿಸಿ ಬರೆದದ್ದು, ಎ.ಸಿ. ಬಂದ್, ಗರಿಷ್ಠ ವೇಗ 90, ಅದೂ ಸ್ವಲ್ಪ ಹೊತ್ತು. ಚಿತ್ರದುರ್ಗದ ಗಾಳಿ ಅಲ್ಲಿಗೆ ಹೋಗಿಲ್ಲ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿಬಂದು ಮಿಕ್ಕ ಹನ್ನೊಂದು ತಿಂಗಳೂ ನೆತ್ತಿಯ ಮೇಲೆ ಹೊತ್ತು ತಿರುಗುವ ಖಾಲಿ ಕ್ಯಾರಿಯರೂ ಹೋಗಿಲ್ಲ.

ಈಗೆಲ್ಲರ ಬಾಯಲ್ಲೂ ಎಥೆನಾಲ್. ಇಪ್ಪತ್ತು ಪರ್ಸೆಂಟ್ ಬೆರಸಿ ಮೈಲೇಜ್ ತಿಂದುಬಿಟ್ಟರು ಎಂಬ ದೂರು. ದೂರಿನಲ್ಲಿ ಹುರುಳಿದೆ: ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹತ್ತರಿಂದ ಇಪ್ಪತ್ತಕ್ಕೆ ಏರಿದಾಗ ನನ್ನಂಥವನ ಕಾರಿನಲ್ಲಿ ಮುಕ್ಕಾಲು ಕಿಲೋಮೀಟರಿನಷ್ಟು ಹೋಗಬೇಕು. ಲೀಟರಿನ ಬೆಲೆಯೂ ಅಷ್ಟರಮಟ್ಟಿಗೆ ಇಳಿಯದಿದ್ದದ್ದು ನನಗೂ ಸಿಟ್ಟೇ. ಆದರೆ ಇಪ್ಪತ್ತೆರಡು ಬರುತ್ತಿದ್ದ ಕಾರು ಹದಿನೇಳಕ್ಕೆ ಇಳಿಯಿತು ಎನ್ನುವವನ ಪಕ್ಕದಲ್ಲಿ ನಾನು ಒಮ್ಮೆ ಕೂತು ಬಂದಿದ್ದೇನೆ. ರಾಣೆಬೆನ್ನೂರಿನಿಂದ ಹರಿಹರದವರೆಗೆ ಮುಳ್ಳು 110 ಬಿಟ್ಟು ಇಳಿಯಲಿಲ್ಲ, ಬಾಯಿ ಕಬ್ಬು ಬೆಳೆಯುವವರನ್ನು ಬೈಯುವುದು ಬಿಡಲಿಲ್ಲ.

ಕಳೆದ ಜುಲೈನಲ್ಲಿ ಹುಬ್ಬಳ್ಳಿಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು ಭಾಗಾಕಾರ ಮಾಡುತ್ತಿದ್ದೆ. ಪೈಪು ಸಿಗಿಸಿಟ್ಟ ಹುಡುಗ ಹತ್ತಿರ ಬಂದು ಇಣುಕಿದ.

‘ಎಷ್ಟ ಕೊಡತೈತ್ರೀ ಸರ?’

‘ಬರೂ ಮುಂದೋ, ಹೋಗೂ ಮುಂದೋ?’

ಅವನು ನನ್ನ ಮುಖ ನೋಡಿದ, ಕಾರನ್ನು ನೋಡಿದ, ಹಿಂದಿನ ಬೈಕಿನವನಿಗೆ ‘ಮುಂದ ಬರ್ರೀ’ ಎಂದು ಕೈ ಮಾಡಿದ.