ಕೆಟ್ಟಿದ್ದು ಕಂಪ್ಯೂಟರ್ ಅಲ್ಲ

ದೀಪಾವಳಿ ರಜೆಯಲ್ಲಿ ಅಫಜಲಪುರದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಸಮುದ್ರ ಕೆಂಪಗ ಆಗ್ಯಾದ." ಹಿಂದಿನಿಂದ ಅಕ್ಕನ ಧ್ವನಿ: "ನೀ ಕೊಟ್ಟ ಲ್ಯಾಪ್‌ಟಾಪ್ ಕೆಡಿಸಿ ಕುಂತಾನ ನೋಡಪಾ."

ನಾನು ಬಳಸಿ ಬಿಟ್ಟಿದ್ದ, ವಿಂಡೋಸ್ 7 ಇರುವ ಹಳೇ ಲ್ಯಾಪ್‌ಟಾಪ್ ಅದು. ಹುಡುಗ ಅದರಲ್ಲಿ 1999ರ 'ಏಜ್ ಆಫ್ ಎಂಪೈರ್ಸ್ 2' ಹಾಕಿಕೊಂಡಿದ್ದ. ಫುಲ್ ಸ್ಕ್ರೀನಿನಲ್ಲಿ ಆಟ ತೆರೆದ ಕೂಡಲೇ ಬಣ್ಣಗಳೆಲ್ಲ ಅದಲು ಬದಲು.

ಏನೂ ಕೆಟ್ಟಿರಲಿಲ್ಲ. ಆ ಆಟ ಒಂದು ಸಲಕ್ಕೆ ಬಳಸುವುದು 256 ಬಣ್ಣ ಮಾತ್ರ. ಯಾವ ನಂಬರಿಗೆ ಯಾವ ಬಣ್ಣ ಅನ್ನೋದಕ್ಕೆ ಒಂದು ಪಟ್ಟಿ ಇರುತ್ತದೆ. ಫುಲ್ ಸ್ಕ್ರೀನಿಗೆ ಹೋದಮೇಲೆ ಆ ಪಟ್ಟಿ ಪೂರ್ತಿ ತನ್ನದೇ ಅಂತ ಆಟ ನಂಬಿಕೊಳ್ಳುತ್ತದೆ. ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪ್ ನೋಡಿಕೊಳ್ಳುವ ಎಕ್ಸ್‌ಪ್ಲೋರರ್ ನಡುವೆ ಕೈ ಹಾಕಿ ಕೆಲವು ಸಾಲು ಬದಲಿಸಿಬಿಡುತ್ತದೆ. ಮುಗೀತು, ನೀಲಿ ಇದ್ದಲ್ಲಿ ಕೆಂಪು. "ಸ್ಕ್ರೀನ್ ರೆಸಲ್ಯೂಷನ್ ವಿಂಡೋ ತೆರೆದಿಟ್ಟು ಆಟ ಶುರು ಮಾಡು. ಆಗಲಿಲ್ಲಂದ್ರ ಟಾಸ್ಕ್ ಮ್ಯಾನೇಜರ್‌ನಾಗ ಎಕ್ಸ್‌ಪ್ಲೋರರ್ ಬಂದ್ ಮಾಡು, ಆಟ ಮುಗಿದಮ್ಯಾಲ ಅಲ್ಲಿಂದಾನೇ ಮತ್ತ ಚಾಲೂ ಮಾಡು" ಅಂದೆ. ಐದು ನಿಮಿಷಕ್ಕೆ ಸಮುದ್ರ ನೀಲಿ ಆಯಿತು.

ಆಟವಾಗಿ ಇದು ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರೋದು ಇಂಥ ಆಟಗಳ ಬಾಗಿಲಿನ ಬಗ್ಗೆ. ಪರದೆ ಪೂರ್ತಿ ನನಗೆ ಬಿಡು ಅಂತ ಕೇಳುವ ಪ್ರೋಗ್ರಾಮು, ಎಡವಟ್ಟಾದರೆ ವಾಪಸ್ ಬರುವ ದಾರಿಯನ್ನೂ ತಾನೇ ಇಡಬೇಕು. ಎಷ್ಟೋ ಆಟಗಳು ಇಡಲೇ ಇಲ್ಲ.

ಇದು ನನಗೆ ಗೊತ್ತಾದದ್ದು ಆಳಂದದಲ್ಲಿ, 2004ರ ಸುಮಾರಿಗೆ. ಊರಿಂದ ಬಸ್ಸಿಗೆ ಬಂದು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅರ್ಧ ಗಂಟೆ ರೇಸ್ ಆಡುತ್ತಿದ್ದೆ. ಸೆಟ್ಟಿಂಗ್ಸ್‌ನಲ್ಲಿ ಒಂದಷ್ಟು ನಂಬರುಗಳಿದ್ದವು. ದೊಡ್ಡ ನಂಬರು ಅಂದರೆ ಒಳ್ಳೇದೇ ಇರಬೇಕು ಅಂತ ಕೊನೆಯದನ್ನು ಒತ್ತಿದೆ. ಪರದೆ ಕಪ್ಪಾಯಿತು. ನಡುವೆ ಒಂದು ಚೌಕ: 'ಔಟ್ ಆಫ್ ರೇಂಜ್'. ಕನ್ನಡ ಮೀಡಿಯಂ ಹುಡುಗನಿಗೆ, ಕ್ರಿಕೆಟ್ ದಯೆಯಿಂದ, ಔಟ್ ಅನ್ನೋದಷ್ಟೇ ತಿಳಿಯಿತು. "ಏನ್ ಮುಟ್ಟಿದಲೇ?" ಅಂದರು ಸೆಂಟರಿನವರು. ಮಷೀನ್ ಆಫ್ ಮಾಡಿ ಆನ್ ಮಾಡಿದರು, ಆಟ ತೆರೆದರೆ ಮತ್ತೆ ಅದೇ ಕಪ್ಪು. ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲಿಟ್ಟು ಬಂದೆ. ಪಿಯುಸಿ ಮುಗಿಯುವ ತನಕ ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ.

ಆಗಿದ್ದಿಷ್ಟೇ. ಸೆಕೆಂಡಿಗೆ ಇಂತಿಷ್ಟು ಸಲ, ಇಂತಿಷ್ಟು ಗಾತ್ರದ ಚಿತ್ರ ಬಿಡಿಸು ಅಂತ ಆಟ ಹೇಳಿತು. ಆ ದಪ್ಪ ಮಾನಿಟರಿಗೆ ಅಷ್ಟು ಶಕ್ತಿ ಇರಲಿಲ್ಲ. ಆಟ ಆ ಆಯ್ಕೆಯನ್ನು ತನ್ನ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಟ್ಟುಕೊಂಡಿದ್ದರಿಂದ ಪ್ರತೀ ಸಲ ಅದೇ ಕಪ್ಪು. ಆ ಫೈಲ್ ಅಳಿಸಿದ್ದರೆ ಸಾಕಿತ್ತು. ಅದೇ ಕಾಲದ ವಿಂಡೋಸ್ ಎಕ್ಸ್‌ಪಿ ನೋಡಿ. ರೆಸಲ್ಯೂಷನ್ ಬದಲಿಸಿದರೆ 15 ಸೆಕೆಂಡ್ ಕಾಯುತ್ತಿತ್ತು. ನೀವು ಹೂಂ ಅನ್ನದಿದ್ದರೆ ತಾನೇ ಹಿಂದಿನದಕ್ಕೆ ಮರಳುತ್ತಿತ್ತು. ಪರದೆ ಕಾಣದವನು ಹೂಂ ಅನ್ನಲಾರ ಅಂತ ಅದನ್ನು ಬರೆದ ಯಾರೋ ಯೋಚಿಸಿದ್ದರು. ನನ್ನ ಮಟ್ಟಿಗೆ ಒಳ್ಳೇ ಸಾಫ್ಟ್‌ವೇರ್ ಅಂದರೆ ಆ 15 ಸೆಕೆಂಡು.

ಬಣ್ಣ ಸರಿಹೋದ ಮರುದಿನ ಮತ್ತೆ ಫೋನ್. "ಮಾಮಾ, ಕುದುರಿ ಎಲ್ಲಾ ದಪ್ಪ ಆಗ್ಯಾವ." 1024×768ರ ಚಿತ್ರವನ್ನು 1366×768ರ ಪರದೆಗೆ ಎಳೆದರೆ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಕೇಲಿಂಗ್‌ನಲ್ಲಿ ಆಸ್ಪೆಕ್ಟ್ ರೇಶಿಯೋ ಕಾಯುವ ಆಯ್ಕೆ ಒತ್ತಿದರೆ ಕುದುರೆ ಕುದುರೆಯಾಗುತ್ತದೆ. ಎರಡೂ ಪಕ್ಕ ಕರಿ ಪಟ್ಟಿ ಉಳಿಯುತ್ತದೆ. ಜೇವರ್ಗಿಯ ಗೆಳೆಯನದು ಇದರ ಉಲ್ಟಾ ಪಂಚಾಯ್ತಿ. ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದರೆ ಆಟದ ಅಂಚು ಕತ್ತರಿಸಿ, ಮೂಲೆಯ ಸ್ಕೋರೇ ಕಾಣುತ್ತಿರಲಿಲ್ಲ. ಟೀವಿಯ ಪಿಕ್ಚರ್ ಸೈಜ್ ಬದಲಿಸಿದಾಗ ಸರಿಹೋಯಿತು. ಕೆಲವು ಆಟಗಳು ಶುರುವಿನಲ್ಲೇ ನಾಲ್ಕು ಮೂಲೆ ತೋರಿಸಿ, ಕಾಣ್ತದೇನು ಅಂತ ಕೇಳುತ್ತವೆ. ಕೇಳೋದಕ್ಕೆ ಎಷ್ಟು ಖರ್ಚು?

ಈಗೆಲ್ಲ ಸುಧಾರಿಸಿದೆ ಅನ್ನಬಹುದು. ಫುಲ್ ಸ್ಕ್ರೀನ್ ಹಂಗ ಕಾಣುತ್ತ, ನಿಜಕ್ಕೂ ಅಂಚಿಲ್ಲದ ಕಿಟಕಿಯಾಗಿ ಓಡುವ ಆಯ್ಕೆ ಹೊಸ ಆಟಗಳಲ್ಲಿ ಸಾಮಾನ್ಯ. ಇದೇ ಆಟದ 'ಡೆಫಿನಿಟಿವ್ ಎಡಿಷನ್' 2019ರಲ್ಲಿ ಬಂತು. ಕೆಂಪು ಸಮುದ್ರದ ಕಾಟ ಅದರಲ್ಲಿಲ್ಲ. ಆದರೆ ಅದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕು, ಹತ್ತಾರು ಜಿಬಿ ಡೌನ್‌ಲೋಡ್ ಬೇಕು. ಪರಿಹಾರ ಸಿಕ್ಕಿದ್ದು ದುಡ್ಡು, ನೆಟ್ ಎರಡೂ ಇದ್ದವರಿಗೆ. ಅಣ್ಣನದೋ ಮಾಮನದೋ ಹಳೇ ಲ್ಯಾಪ್‌ಟಾಪಿನಲ್ಲಿ ಕಲಿಯುವ ಹುಡುಗರಿಗೆ ಈಗಲೂ ಕಪ್ಪು ಪರದೆ, ಮೇಲೆ ಮನೆಯವರ ಬೈಗುಳ.

ಆಫೀಸಿನಲ್ಲಿ ನಾವೂ ಹಿಂಗೇ ಮಾಡುತ್ತೇವೆ. ನಮ್ಮ ದುಬಾರಿ ಮಾನಿಟರಿನಲ್ಲಿ ಟೆಸ್ಟ್ ಮಾಡಿ, ಟಿಕೆಟ್ ಬಂದರೆ 'ಯೂಸರ್ ತಪ್ಪು' ಅಂತ ಮುಚ್ಚುತ್ತೇವೆ. ಆ ಯೂಸರ್ ಒಂಬತ್ತನೇ ಕ್ಲಾಸಿನವನಿರಬಹುದು, ಮತ್ತೆ ಕಂಪ್ಯೂಟರ್ ಮುಟ್ಟದೇ ಇರಬಹುದು.

ಅಕ್ಕ ಆಮೇಲೆ ಕೇಳಿದಳು, "ಖರೇ ಹೇಳು ತಮ್ಮಾ, ಅಂವ ಕೆಡಿಸಿದ್ನೇನು?"

"ಇಲ್ಲಕ್ಕಾ. ಅವನಿಗೆ ಬೈಬ್ಯಾಡ. ಮುಟ್ಲಿ ಬಿಡು."