ಎಡಗಾಲಿನ ಪಾಠ

'ಮೈದಾನ್' ಎಂಬ ಹಿಂದಿ ಚಿತ್ರ 2024ರಲ್ಲಿ ಬಂದಾಗ ನಮ್ಮ ಶಾಲೆಯ ಹುಡುಗರು ಅದನ್ನು ಹೊಗಳಿದ್ದೇ ಹೊಗಳಿದ್ದು. ನಾನು ಆಮೇಲೆ ಮನೆಯಲ್ಲೇ, ಅಡುಗೆಮನೆಯ ಕೆಲಸ ಮುಗಿಸಿ, ಎರಡು ರಾತ್ರಿ ಕೂತು ನೋಡಿದೆ. ಮೂರು ಗಂಟೆಯ ಚಿತ್ರವನ್ನು ಒಂದೇ ಸಲಕ್ಕೆ ನೋಡುವ ಭಾಗ್ಯ ನಮ್ಮಂಥವರಿಗೆಲ್ಲಿ? ಕೊನೆಯ ಪಂದ್ಯ ಬಂದಾಗ ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಅಜಯ್ ದೇವಗನ್ ಹದವರಿತು ಅಭಿನಯಿಸಿದ್ದಾರೆ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಪ್ರಿಯಾಮಣಿ, ಹೆಂಡತಿಯ ಪಾತ್ರಕ್ಕೆ ಕೊಟ್ಟಿರುವ ನಾಲ್ಕಾರು ಸನ್ನಿವೇಶಗಳಲ್ಲೇ ತಮ್ಮ ಗುರುತು ಉಳಿಸಿದ್ದಾರೆ. ಆದರೂ ನನಗೊಂದು ತಕರಾರಿದೆ. ಚಿತ್ರ ನೋಡಿ ಎದ್ದಾಗ ಮನಸ್ಸಿನಲ್ಲಿ ಉಳಿಯುವವನು ಸಿಗರೇಟು ಸೇದುತ್ತ, ಕೆಮ್ಮುತ್ತ, ಸಾವಿನೊಡನೆ ಪಂತ ಕಟ್ಟಿದ ಒಬ್ಬ ನಾಯಕ. ಆದರೆ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ವೃತ್ತಿಯಿಂದ ಮೇಷ್ಟ್ರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ಆ ಮೇಷ್ಟ್ರನ್ನು ನಾನು ಚಿತ್ರದಲ್ಲಿ ಹುಡುಕಿದೆ. ಅಲ್ಲಲ್ಲಿ ಸಿಕ್ಕರು, ಸಾಲುವಷ್ಟು ಸಿಗಲಿಲ್ಲ.

ಕಥೆ ಶುರುವಾಗುವುದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ. ಅಲ್ಲಿ ಯುಗೊಸ್ಲಾವಿಯದ ಎದುರು ನಮ್ಮವರು 10-1ರಿಂದ ಸೋತರು. ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್ ಎಂಬುದು ನಮಗೆ ಸಮಾಧಾನ. ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಆ ಚಳಿಯ ನಾಡಿನಲ್ಲಿ ಬೂಟು ಹಾಕಿದವರ ಎದುರು ಬರಿಗಾಲು! ಸೋಲಿಗೆ ಎಲ್ಲರೂ ಕೊಡುವ ಕಾರಣ ಇದೇ. ಆಮೇಲೆ ಬೂಟು ಕಡ್ಡಾಯವಾಯಿತು. ಆದರೆ ಬೂಟು ತೊಟ್ಟ ಮಾತ್ರಕ್ಕೆ ಆಟ ಬರುತ್ತದೆಯೇ? ಹೊಸ ಪೆನ್ನು ಕೊಡಿಸಿದರೆ ಅಕ್ಷರ ದುಂಡಗಾಗುವುದಿಲ್ಲವೆಂದು ಯಾವ ತಾಯಿಗೆ ಗೊತ್ತಿಲ್ಲ?

ಫುಟ್‌ಬಾಲ್ ನೋಡದ ಅಕ್ಕತಂಗಿಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಲಿ ಬಿಟ್ಟರೆ ಹತ್ತು ಜನ ಆಟಗಾರರು. ಹಳೆಯ ಪದ್ಧತಿಯಲ್ಲಿ ಹಿಂದೆ ಕಾಯಲು ಇಬ್ಬರು, ನಡುವೆ ಮೂವರು, ಮುಂದೆ ನುಗ್ಗಲು ಐವರು. ಮದುವೆ ಮನೆಯಲ್ಲಿ ಪಂಕ್ತಿಗೆ ಐದು ಜನ ಬಡಿಸಲು ನಿಂತು, ಒಳಗೆ ಒಲೆಯ ಮುಂದೆ ಇಬ್ಬರೇ ಉಳಿದಂತೆ. ನೋಡುವುದಕ್ಕೆ ಚೆಂದ. ಒಮ್ಮೆಲೇ ಜನ ನುಗ್ಗಿದರೆ ಅಡುಗೆಮನೆ ಕುಸಿಯುತ್ತದೆ. ಆ ಸೋಲಿನ ಮೇಲೆ ರಹೀಂ ನಡುವಿನವನೊಬ್ಬನನ್ನು ಹಿಂದಕ್ಕೆ ಸರಿಸಿ ಕಾಯುವವರನ್ನು ಮೂವರು ಮಾಡಿದರು. ಮುಂದೆ, ಬ್ರೆಜಿಲ್ ತಂಡ 1958ರಲ್ಲಿ ವಿಶ್ವಕಪ್ ಗೆದ್ದು ಜಗತ್ತಿಗೆಲ್ಲ ಪರಿಚಯಿಸಿದ 4-2-4 ಎಂಬ ಏರ್ಪಾಟನ್ನು ಭಾರತದ ಆಟಕ್ಕೆ ತಂದ ಕೀರ್ತಿಯೂ ಅವರಿಗೇ ಸಲ್ಲುತ್ತದೆ.

ಏರ್ಪಾಟನ್ನು ಕಪ್ಪು ಹಲಗೆಯ ಮೇಲೆ ಬರೆಯುವುದು ಸುಲಭ. ಮೇಷ್ಟ್ರ ನಿಜವಾದ ಕೆಲಸ ಅಲ್ಲಿಂದ ಆಚೆಗಿದೆ. ರಹೀಂ ಹೈದರಾಬಾದಿನಲ್ಲಿ ವಿಚಿತ್ರ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಆಟಗಾರ ತನಗೆ ಪಳಗದ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕು. ಬಲಗಾಲಿನವನಿಗೆ ಎಡಗಾಲೇ ಗತಿ. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕುಣಿಸುವಂತಿಲ್ಲ, ಬಂದ ತಕ್ಷಣ ಜೊತೆಯವನಿಗೆ ದಾಟಿಸಬೇಕು. ಇದನ್ನು ಓದಿದಾಗ ನಾನು ನಮ್ಮ ಪಿ.ಟಿ. ಮೇಷ್ಟ್ರಿಗೆ ಹೇಳಿ ಏಳನೇ ತರಗತಿಯವರಿಂದ ಒಂದು ವಾರ ಎಡಗಾಲಿನ ಆಟ ಆಡಿಸಿದೆ. ಮೊದಲ ದಿನ ಬರೀ ನಗು. ನಾಲ್ಕನೆಯ ದಿನಕ್ಕೆ ಇಬ್ಬರು ಹುಡುಗಿಯರು ಚೆಂಡನ್ನು ನೆಟ್ಟಗೆ ಒದೆಯತೊಡಗಿದರು. ತರಗತಿಯ ಹೀರೋ ಎನಿಸಿಕೊಂಡಿದ್ದ ಹುಡುಗ ಮಾತ್ರ ಮುಖ ಊದಿಸಿಕೊಂಡು ಆಟ ಬಿಟ್ಟ. ಗೊತ್ತಿರುವುದನ್ನೇ ಮಾಡಿ ಚಪ್ಪಾಳೆ ಗಿಟ್ಟಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಇಂಥ ಬೇಸರದ, ದಿನದಿನದ ಅಭ್ಯಾಸವನ್ನು ಸಿನಿಮಾ ಹೇಗೆ ತೋರಿಸೀತು ಎನ್ನಬಹುದು. ಎ.ಆರ್. ರೆಹಮಾನರ ಸಂಗೀತ ಕೈಯಲ್ಲಿದ್ದೂ ತೋರಿಸಲಾಗದಿದ್ದರೆ ಹೇಗೆ?

1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ಗೆ ರಹೀಂ ಕರೆದೊಯ್ದವರಲ್ಲಿ ಪಿ.ಕೆ. ಬ್ಯಾನರ್ಜಿ, ತುಳಸೀದಾಸ್ ಬಲರಾಂ, ಗೋಲಿ ತಂಗರಾಜ್ ಇದ್ದರು. ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ಬ್ಯಾನರ್ಜಿಗೆ ಆಗ ಇಪ್ಪತ್ತೇ ವರ್ಷ. ಬಲರಾಂ ಸಿಕಂದರಾಬಾದಿನ ಕಡೆಯ ಬಡವರ ಮನೆಯ ಹುಡುಗ. ಅಭ್ಯಾಸಕ್ಕೆ ಬರಲು ಅವನ ಹತ್ತಿರ ಕಾಸಿಲ್ಲವೆಂದು ರಹೀಂ ಬಾಡಿಗೆ ಸೈಕಲ್ಲಿಗೆ ತಾವೇ ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಿದ್ದರಂತೆ. ಮೆಲ್ಬೋರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದರು; ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲ್ ತಲುಪಿ, ಕೊನೆಗೆ ನಾಲ್ಕನೆಯ ಸ್ಥಾನ. ಏಷ್ಯಾದ ಯಾವ ದೇಶವೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. 1960ರಲ್ಲಿ ರೋಮಿನಲ್ಲಿ ಫ್ರಾನ್ಸಿನೊಡನೆ 1-1 ಸಮ. ಹಂಗೇರಿ, ಪೆರು ಎದುರು ಸೋಲು. ಅಲ್ಲಿಯೂ ಅದೇ ಬ್ಯಾನರ್ಜಿ, ಅದೇ ಬಲರಾಂ. 1962ರ ಜಕಾರ್ತಾದಲ್ಲಿಯೂ ಅವರೇ. ಸೋತರೆಂದು ಎತ್ತಿ ಒಗೆಯದೆ, ಆರು ವರ್ಷ ಅದೇ ಮಕ್ಕಳನ್ನು ತಿದ್ದುತ್ತ ಹೋದದ್ದೇ ಅವರ ಮುಖ್ಯ ತಂತ್ರ ಎಂದು ನನಗನಿಸುತ್ತದೆ. ಚಿತ್ರಕ್ಕೆ ಇದು ಮುಖ್ಯವಾಗಿ ಕಂಡಿಲ್ಲ. ಅದಕ್ಕೆ ಬೇಕಾದದ್ದು ಖಳರು: ಒಬ್ಬ ಹೊಟ್ಟೆಕಿಚ್ಚಿನ ಪತ್ರಕರ್ತ, ಸಂಘದಲ್ಲೊಬ್ಬ ಕುತಂತ್ರಿ. ಆಡಳಿತದ ಅಸಡ್ಡೆಗೆ ಇಬ್ಬರ ಮುಖ ಅಂಟಿಸಿಬಿಟ್ಟರೆ ಉಳಿದವರೆಲ್ಲ ಪಾರು.

ಜಕಾರ್ತಾದ ಆಟವನ್ನು ಮಾತ್ರ ಚಿತ್ರ ಚೆನ್ನಾಗಿ ತೆಗೆದಿದೆ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಥಾಯ್ಲೆಂಡ್ ಎದುರು, ಹಿಂದೆ ನಿಂತು ಕಾಯುವ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಬೇಕಾಯಿತು. ರಹೀಂ ಅವರನ್ನು ಹೊರಗೆ ಕೂರಿಸಲಿಲ್ಲ; ಮುಂದಿನ ಸಾಲಿಗೆ ತಂದರು. ಕ್ರೀಡಾಕೂಟದ ರಾಜಕೀಯದಿಂದ ಭಾರತದ ಮೇಲೆ ಕೆಂಡವಾಗಿದ್ದ ಜನರ ಕೂಗಿನ ನಡುವೆ ಸೆಪ್ಟೆಂಬರ್ 4ರಂದು ಫೈನಲ್ ನಡೆಯಿತು. ಅದೇ ಕೊರಿಯಾವನ್ನು 2-1ರಿಂದ ಗೆದ್ದರು. ಗೋಲು ಹೊಡೆದವರು ಬ್ಯಾನರ್ಜಿ ಮತ್ತು ಹೊಲಿಗೆಯ ತಲೆಯ ಜರ್ನೈಲ್. ಚಿತ್ರ ಇದನ್ನು ಧೈರ್ಯದ ಕಥೆಯಾಗಿ ಹೇಳುತ್ತದೆ. ಧೈರ್ಯ ಹೌದು. ಆದರೆ ಹಿಂದಿನ ಸಾಲಿನವನನ್ನು ಮುಂದೆ ನಿಲ್ಲಿಸಿದರೂ ತಂಡ ಕಲಸುಮೇಲೋಗರವಾಗಲಿಲ್ಲವಲ್ಲ, ಅದು ಒಂದು ದಿನದ ಧೈರ್ಯದಿಂದ ಆಗುವ ಕೆಲಸವಲ್ಲ.

ರಹೀಂ ಕ್ಯಾನ್ಸರಿನಿಂದ ತೀರಿಕೊಂಡದ್ದು 1963ರ ಜೂನ್ 11ರಂದು. ಚಿತ್ರಕ್ಕೆ ಅವರ ಸಾವೇ ಕೊನೆಯ ಮಾತು. ನನಗೆ ನೋಡಬೇಕಿದ್ದದ್ದು ಅದರಾಚೆಯ ವರ್ಷಗಳನ್ನು. ಮರುವರ್ಷ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಬಂತು. 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು. ಆಗ ತಂಡವನ್ನು ತಯಾರು ಮಾಡಿದವರಲ್ಲಿ ಅವರ ಶಿಷ್ಯ ಬ್ಯಾನರ್ಜಿಯೂ ಇದ್ದರು. ಆಮೇಲೆ ಆ ಕೂಟದಲ್ಲಿ ನಮ್ಮ ಗಂಡಸರ ಫುಟ್‌ಬಾಲ್ ತಂಡಕ್ಕೆ ಪದಕ ಬಂದಿಲ್ಲ. ಒಲಿಂಪಿಕ್ಸ್ ಅಂಗಳಕ್ಕಂತೂ 1960ರ ಬಳಿಕ ಕಾಲಿಟ್ಟಿಲ್ಲ. ಒಬ್ಬ ಮೇಷ್ಟ್ರು ಹೋದರೆ ಅವರ ಪಾಠದ ಟಿಪ್ಪಣಿಯನ್ನು ಕೇಳಿ ಪಡೆದು ಮುಂದಿನವರ ಕೈಗಿಡುವುದು ಸಣ್ಣ ಊರಿನ ಶಾಲೆಯಲ್ಲೂ ಉಂಟು. ಹೈದರಾಬಾದಿನ ಆ ಎಡಗಾಲಿನ ಪಂದ್ಯಾವಳಿಯನ್ನು ದೇಶದ ಎಲ್ಲ ಊರುಗಳಲ್ಲಿ ನಡೆಸೋಣವೆಂದು ಫುಟ್‌ಬಾಲ್ ಸಂಘದಲ್ಲಿ ಯಾರಾದರೊಬ್ಬರು ಕಾಗದ ಬರೆಯಬಹುದಿತ್ತು.